ಮಹಜರಿಗೆ ಯಾರೂ ಬರಲಿಲ್ಲ, ಅಪ್ಪಾಜಿ

23 ನವೆಂಬರ್ 2025
ಇಂಗ್ಲೆಂಡ್

ಪೂಜ್ಯ ಅಪ್ಪಾಜಿಯವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಮಾತ್ರೆ ಊಟ ಆದ ಮೇಲೇ ತೆಗೆದುಕೊಳ್ಳಿ, ಬರೀ ಕಾಫಿಯ ಮೇಲೆ ನುಂಗಬೇಡಿ.

ವಾರಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡುವವಳು ಈಗ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿಮಗೆ ಆಗಲೇ ಅನುಮಾನ ಬಂದಿರುತ್ತದೆ. ಮೂವತ್ತೈದು ವರ್ಷ ಪೊಲೀಸ್ ಕೆಲಸ ಮಾಡಿದವರ ಮುಂದೆ ಸುಳ್ಳು ನಿಲ್ಲುವುದಿಲ್ಲ, ಗೊತ್ತು. ಮೊನ್ನೆ ಫೋನಿನಲ್ಲಿ ನೀವು, ‘ಫೆಬ್ರವರಿಯಲ್ಲಿ ತಮ್ಮನ ಮಗಳ ಮದುವೆಗೆ ಬರುವಾಗ ಅಮ್ಮನ ಎರಡೆಳೆ ಸರ ಹಾಕಿಕೊಂಡು ಬಾ, ಅವಳೇ ಬಂದ ಹಾಗಿರುತ್ತೆ’ ಅಂದಿರಿ. ನಾನು ‘ಹ್ಞೂಂ’ ಅಂದು ನೆಟ್‌ವರ್ಕ್ ಸರಿಯಿಲ್ಲವೆಂದು ಫೋನ್ ಇಟ್ಟೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು, ಅಪ್ಪಾಜಿ. ಸರ ಇರಲಿಲ್ಲ. ಅದು ಕಳುವಾಗಿ ಒಂಬತ್ತು ವರ್ಷವಾಯಿತು.

2016ರ ನವೆಂಬರ್. ನಮ್ಮ ಕನ್ನಡದವರ ದೀಪಾವಳಿ, ರಾಜ್ಯೋತ್ಸವ ಎರಡೂ ಸೇರಿದ ಕಾರ್ಯಕ್ರಮಕ್ಕೆ ಹೋಗಿದ್ದೆವು. ಇಲ್ಲಿ ಆ ತಿಂಗಳು ನಾಲ್ಕೂವರೆಗೆಲ್ಲ ಕತ್ತಲೆ. ರಾತ್ರಿ ಹತ್ತಕ್ಕೆ ಬಂದು ನೋಡಿದರೆ ಹಿಂಬಾಗಿಲ ಗಾಜು ಒಡೆದಿತ್ತು. ಸರವನ್ನು ನಾನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೆ, ಅಜ್ಜಿ ಇಡುತ್ತಿದ್ದ ಹಾಗೆ. ನಮ್ಮವರು ಚಿನ್ನವನ್ನು ಎಲ್ಲೆಲ್ಲಿ ಅಡಗಿಸುತ್ತಾರೆ ಎಂಬುದು ಇಲ್ಲಿನ ಕಳ್ಳರಿಗೂ ಬಾಯಿಪಾಠ. ಡಬ್ಬಿ ಬೋರಲು ಹಾಕಿ ಸುರಿದಿದ್ದರು. ಅಡುಗೆಮನೆ ತುಂಬ ಸೋನಾ ಮಸೂರಿ. ಅದರ ಪಕ್ಕದಲ್ಲಿ ಚೆಲ್ಲಿದ್ದ ಅರಿಶಿನದ ಪುಡಿ, ಆ ಪುಡಿಯ ಮೇಲೆ ಒಂದು ಬೂಟಿನ ಅಚ್ಚು. ಬಲಗಾಲು. ಹಿಮ್ಮಡಿಯ ಹತ್ತಿರ ಗೀರು ಸಹ ಕಾಣುವಷ್ಟು ಸ್ಪಷ್ಟ.

ನಾನು ಅಳುವುದಕ್ಕೆ ಮೊದಲು ಏನು ಮಾಡಿದೆ ಗೊತ್ತೇ? ದೊಡ್ಡ ಪಾತ್ರೆಯೊಂದನ್ನು ತಂದು ಆ ಅಚ್ಚಿನ ಮೇಲೆ ಬೋರಲು ಹಾಕಿದೆ. ‘ಯಾರೂ ಈ ಕಡೆ ಕಾಲಿಡಬೇಡಿ’ ಎಂದು ಗಂಡನಿಗೂ ಮಗುವಿಗೂ ಗದರಿದೆ. ದಫೇದಾರರ ಮಗಳಲ್ಲವೇ? ಮಹಜರಿಗೆ ಬರುತ್ತಾರೆ, ಬೆರಳಚ್ಚಿನವರು ಬರುತ್ತಾರೆ, ಅವರಿಗೆ ಬೇಕಾಗುತ್ತದೆ ಎಂದು.

ಫೋನಿನಲ್ಲಿ ದೂರು ಬರೆದುಕೊಂಡರು. ತುಂಬಾ ಮರ್ಯಾದೆಯಿಂದ ಮಾತಾಡಿದರು, ಅದನ್ನು ಹೇಳಲೇಬೇಕು. ಒಂದು ಕ್ರೈಂ ನಂಬರ್ ಮೆಸೇಜಿನಲ್ಲಿ ಬಂತು. ಮೂರು ದಿನ ನಾವು ಆ ಪಾತ್ರೆಯನ್ನು ಬಳಸಿ ದಾಟಿಕೊಂಡು ಅಡುಗೆ ಮಾಡಿದೆವು. ನಾಲ್ಕನೆಯ ದಿನ ಇನ್ನೊಂದು ಕರೆ: ಮುಂದುವರಿಸಲು ಯಾವ ಸುಳಿವೂ ಇಲ್ಲ, ಪ್ರಕರಣ ಮುಗಿಸಿದ್ದೇವೆ, ಇನ್ಶೂರೆನ್ಸಿಗೆ ಆ ನಂಬರ್ ಸಾಕು. ನಿಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ನಾಲ್ಕೇ ದಿನಕ್ಕೆ ‘ಸಿ’ ರಿಪೋರ್ಟ್. ಪಾತ್ರೆ ಎತ್ತಿದೆ. ಅಚ್ಚು ಇನ್ನೂ ಹಾಗೇ ಇತ್ತು. ಗುಡಿಸಿದೆ.

ನಿಮಗೆ ಹೇಳದೇ ಇದ್ದದ್ದು ಸರ ಹೋಯಿತಲ್ಲ ಎಂಬ ಭಯದಿಂದಲ್ಲ. ನೀವು ಬೈಯುವವರಲ್ಲ. ನಿಮ್ಮ ಮೊದಲ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು: ‘ಯಾರು ಬಂದಿದ್ದರು ಸ್ಥಳಕ್ಕೆ?’ ಯಾರೂ ಬರಲಿಲ್ಲ ಎಂದು ನಿಮಗೆ ಹೇಗೆ ಹೇಳಲಿ? ಕೊಬ್ಬರಿ ಚೀಲ ಕಳುವಾದರೂ ಸೈಕಲ್ ಹತ್ತಿಕೊಂಡು ಹೋಗುತ್ತಿದ್ದವರು ನೀವು. ಮಗಳು ಶ್ರೀಮಂತ ದೇಶಕ್ಕೆ ಹೋಗಿದ್ದಾಳೆ, ಅಲ್ಲಿನ ಪೊಲೀಸರು ಗಡಿಯಾರದ ಮುಳ್ಳಿನ ಹಾಗೆ ಎಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿಕೊಂಡು ಬಂದವರು. ಆ ನಂಬಿಕೆಯನ್ನೂ ಕಳ್ಳನೇ ಒಯ್ದ ಅನ್ನಿಸಬಾರದೆಂದು ಬಾಯಿ ಮುಚ್ಚಿಕೊಂಡೆ.

ಆಮೇಲೆ ಕೂತು ಲೆಕ್ಕ ನೋಡಿದೆ. ಲೆಕ್ಕ ಬರೆಯುವುದೇ ನನ್ನ ಉದ್ಯೋಗವಲ್ಲವೇ?

ನಮ್ಮಲ್ಲಿ ಪೊಲೀಸರಿಗೆ ದುಡ್ಡು ರಾಜ್ಯ ಸರ್ಕಾರದ್ದು. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ 43 ಸ್ಥಳೀಯ ಪೊಲೀಸ್ ಪಡೆಗಳಿವೆ. ಅವಕ್ಕೆ ಒಂದು ಪಾಲು ಲಂಡನ್ನಿನ ಸರ್ಕಾರದಿಂದ, ಇನ್ನೊಂದು ಪಾಲು ಆಯಾ ಊರಿನವರು ಕಟ್ಟುವ ಕೌನ್ಸಿಲ್ ಟ್ಯಾಕ್ಸಿನಿಂದ. ಮನೆಗೆ ಬರುವ ಕಂದಾಯದ ಚೀಟಿಯಲ್ಲಿ ಪೊಲೀಸರದ್ದೇ ಬೇರೆ ಸಾಲು ಇರುತ್ತದೆ. 2008ರಲ್ಲಿ ಬ್ಯಾಂಕುಗಳು ಮುಳುಗಿದವಲ್ಲ, ಅದರ ಸಾಲ ತೀರಿಸಲು 2010ರಲ್ಲಿ ಬಂದ ಹೊಸ ಸರ್ಕಾರ ಎಲ್ಲ ಇಲಾಖೆಗಳ ಹೊಟ್ಟೆಗೂ ಬಟ್ಟೆ ಕಟ್ಟಿತು. ಪೊಲೀಸರಿಗೆ ಕೇಂದ್ರದಿಂದ ಬರುವ ಅನುದಾನವನ್ನು ನಾಲ್ಕು ವರ್ಷದಲ್ಲಿ ಐದನೇ ಒಂದರಷ್ಟು ಇಳಿಸುವುದೆಂದು ತೀರ್ಮಾನವಾಯಿತು.

ಎಲ್ಲರಿಗೂ ಒಂದೇ ಕತ್ತರಿ ಅಂದರೆ ನ್ಯಾಯ ಅನ್ನಿಸುತ್ತದೆ. ಆದರೆ ಸರ್ರೆಯಂಥ ಸಿರಿವಂತ ಕಡೆ ಪೊಲೀಸ್ ಖರ್ಚಿನ ಅರ್ಧದಷ್ಟು ಊರ ಕಂದಾಯದಿಂದಲೇ ಬರುತ್ತದೆ. ನಾರ್ತಂಬ್ರಿಯಾ, ವೆಸ್ಟ್ ಮಿಡ್‌ಲ್ಯಾಂಡ್ಸ್‌ನಂಥ ಕಡೆ ಬಹುಪಾಲು ಸರ್ಕಾರದ ಅನುದಾನವೇ. ಅಳತೆಗೋಲು ಒಂದೇ ಆದರೂ ಏಟು ಬಿದ್ದದ್ದು ಬಡವರ ಊರುಗಳಿಗೆ, ಅಂದರೆ ಪೊಲೀಸರು ಹೆಚ್ಚು ಬೇಕಾದ ಊರುಗಳಿಗೆ.

2010ರಲ್ಲಿ ಈ ಎರಡು ನಾಡುಗಳಲ್ಲಿ 1 ಲಕ್ಷ 43 ಸಾವಿರಕ್ಕೂ ಹೆಚ್ಚು ಪೊಲೀಸರಿದ್ದರು. 2018ರ ಹೊತ್ತಿಗೆ 1 ಲಕ್ಷ 22 ಸಾವಿರ. ಬೀದಿ ಬೀದಿ ನಡೆದು ಜನರನ್ನು ಮಾತಾಡಿಸಲೆಂದೇ ಸಮುದಾಯ ಬೆಂಬಲ ಅಧಿಕಾರಿಗಳು ಅಂತ ಇದ್ದರು. ಬಂಧಿಸುವ ಅಧಿಕಾರವಿಲ್ಲ, ನಮ್ಮ ಹೋಂಗಾರ್ಡ್‌ಗಿಂತ ಸ್ವಲ್ಪ ಮೇಲೆ ಅಂದುಕೊಳ್ಳಿ. ಅವರು ಹತ್ತಿರ ಹತ್ತಿರ 17 ಸಾವಿರ ಇದ್ದವರು 10 ಸಾವಿರಕ್ಕೆ ಇಳಿದರು. ಸ್ಥಳದಲ್ಲಿ ಸಿಕ್ಕ ರಕ್ತ, ಕೂದಲು, ಬೂಟಿನ ಅಚ್ಚು ನೋಡುತ್ತಿದ್ದ ಸರ್ಕಾರಿ ವಿಧಿವಿಜ್ಞಾನ ಸೇವೆ ನಷ್ಟದಲ್ಲಿದೆಯೆಂದು ಅದನ್ನೇ 2012ರಲ್ಲಿ ಮುಚ್ಚಿದರು. ಇಡೀ ದೇಶದ ಪ್ರಯೋಗಾಲಯವನ್ನು, ಅಪ್ಪಾಜಿ, ನಷ್ಟದ ಹೋಟೆಲಿನ ಹಾಗೆ.

ನೀವು ನಂಬಲಿಕ್ಕಿಲ್ಲದ ಇನ್ನೊಂದು ಸಂಗತಿ. 2015ರಲ್ಲಿ ಲೆಸ್ಟರ್‌ಶೈರ್ ಪೊಲೀಸರು ಮೂರು ತಿಂಗಳು ಒಂದು ಪ್ರಯೋಗ ಮಾಡಿದರು. ಕಳ್ಳತನದ ಪ್ರಯತ್ನ ನಡೆದ ಮನೆಯ ನಂಬರ್ ಸಮಸಂಖ್ಯೆಯಾದರೆ ಬೆರಳಚ್ಚು, ಗುರುತು ನೋಡುವವರನ್ನು ಕಳಿಸುವುದು, ಬೆಸಸಂಖ್ಯೆಯಾದರೆ ಕಳಿಸದೇ ಇರುವುದು. ಕಳಿಸದಿದ್ದರಿಂದ ಅಂಥ ನಷ್ಟವೇನೂ ಕಾಣಲಿಲ್ಲ ಎಂದು ಅವರ ಲೆಕ್ಕ ಹೇಳಿತು. ಅದೇ ವರ್ಷ ಇಲ್ಲಿನ ಪೊಲೀಸ್ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷೆ ಸಾರಾ ಥಾರ್ನ್‌ಟನ್, ಇನ್ನು ಮುಂದೆ ಕಳವಾದ ಪ್ರತಿ ಮನೆಗೂ ಪೊಲೀಸರು ಬರುತ್ತಾರೆಂದು ಜನ ನಿರೀಕ್ಷಿಸಬಾರದು ಎಂಬರ್ಥದ ಮಾತು ಹೇಳಿದ್ದರು. ನಮ್ಮದು ಬೇರೆ ಊರು, ಬೇರೆ ಪಡೆ. ಆದರೂ ನಮ್ಮ ಮನೆಯ ನಂಬರ್ 27 ಎಂಬುದು ಆಮೇಲೆ ಎಷ್ಟೋ ರಾತ್ರಿ ನನ್ನ ತಲೆಯಲ್ಲಿ ಸುತ್ತಿದೆ.

ನೀವೀಗ ತೊಡೆ ತಟ್ಟಿ, ‘ಇನ್ನೇನು, ಪೊಲೀಸ್ ಕಡಿಮೆ, ಕಳ್ಳತನ ಜಾಸ್ತಿ. ಇದಕ್ಕೆ ಲೆಕ್ಕ ಬೇರೆ ಬೇಕಾ?’ ಅನ್ನುತ್ತೀರಿ. ಅಷ್ಟು ಸಲೀಸಿಲ್ಲ. 2015ರಲ್ಲಿ ಪೊಲೀಸರ ಸಂಘದ ಸಮಾವೇಶಕ್ಕೆ ಬಂದ ಆಗಿನ ಗೃಹಮಂತ್ರಿ ತೆರೇಸಾ ಮೇ, ‘ತೋಳ ಬಂತು ತೋಳ’ ಎಂದು ಕೂಗುವುದನ್ನು ನಿಲ್ಲಿಸಿ ಎಂದು ಗದರಿದ್ದರು. ಆ ಹೊತ್ತಿಗೆ ಅವರ ಕೈಯಲ್ಲಿದ್ದ ಅಂಕಿಗಳು ಅವರ ಪರವಾಗಿಯೇ ಇದ್ದವು. ಇಲ್ಲಿ ಮನೆ ಮನೆಗೆ ಹೋಗಿ ‘ನಿಮಗೆ ಈ ವರ್ಷ ಏನಾದರೂ ಅಪರಾಧ ತಟ್ಟಿತೇ’ ಎಂದು ಕೇಳುವ ಸಮೀಕ್ಷೆ ಇದೆ. ಅದರ ಪ್ರಕಾರ 1990ರ ದಶಕದ ನಡುವಿನಿಂದ ಒಟ್ಟು ಅಪರಾಧ ಇಳಿಯುತ್ತಲೇ ಬಂದಿತ್ತು, ಪೊಲೀಸರ ಸಂಖ್ಯೆ ಇಳಿದ ವರ್ಷಗಳಲ್ಲೂ. ಬೀಗಗಳು ಗಟ್ಟಿಯಾದವು, ಕಾರುಗಳು ಜಾಣವಾದವು.

ತೋಳ ಬಂದದ್ದು ಬೇರೆ ಬಾಗಿಲಿನಿಂದ. 2014ರಿಂದೀಚೆಗೆ ಚಾಕು ಇರಿತ ಏರತೊಡಗಿತು. 2018ರ ಮಾರ್ಚಿಗೆ ಮುಗಿದ ಒಂದು ವರ್ಷದಲ್ಲಿ 285 ಜನ ಚಾಕುವಿಗೆ ಬಲಿಯಾದರು, 1946ರಲ್ಲಿ ಲೆಕ್ಕ ಇಡಲು ಶುರುಮಾಡಿದ ಮೇಲೆ ಅಲ್ಲಿಯವರೆಗಿನ ಅತಿ ದೊಡ್ಡ ಸಂಖ್ಯೆ ಅದು. ಹಲವರು ನಮ್ಮ ಹುಡುಗನ ವಯಸ್ಸಿನ ಮಕ್ಕಳು. ಪೊಲೀಸರು ಕಡಿಮೆಯಾದದ್ದೂ ಇದಕ್ಕೆ ಕಾರಣವಾಗಿರಬಹುದು ಎಂದು ಗೃಹ ಇಲಾಖೆಯದ್ದೇ ಒಂದು ಒಳಟಿಪ್ಪಣಿ ಹೇಳಿತ್ತು. ಅದು ಆ ವರ್ಷ ಪತ್ರಿಕೆಗಳಿಗೆ ಸೋರಿತು. ತೆರೇಸಾ ಮೇ ನಂತರ ಗೃಹಮಂತ್ರಿಯಾಗಿದ್ದವರು ಅದನ್ನು ನಾನು ನೋಡಿಯೇ ಇಲ್ಲ ಅಂದರು. ಮಾದಕ ವಸ್ತುಗಳ ವ್ಯಾಪಾರ ಹಳ್ಳಿ ಪಟ್ಟಣಗಳಿಗೆ ಹಬ್ಬಿದ್ದೂ ಒಂದು ಕಾರಣ. ಹುಡುಗರು ಸಂಜೆ ಹೋಗಿ ಟೇಬಲ್ ಟೆನ್ನಿಸ್ ಆಡುತ್ತಿದ್ದ ಯೂತ್ ಕ್ಲಬ್ಬುಗಳು ಮುಚ್ಚಿದ್ದು ಇನ್ನೊಂದು. ಲಂಡನ್ನಿನಲ್ಲಿ 2010ರಿಂದ 2019ರೊಳಗೆ ಅಂಥವುಗಳಲ್ಲಿ ಸುಮಾರು 30% ಮುಚ್ಚಿದವು. ಹತ್ತಿರದ ಕ್ಲಬ್ಬು ಮುಚ್ಚಿದ ಮಕ್ಕಳು ಅಪರಾಧಕ್ಕೆ ಇಳಿಯುವ ಸಾಧ್ಯತೆ 14% ಹೆಚ್ಚಾಯಿತೆಂದು ಕಾರ್ಮೆನ್ ವಿಯ್ಯಾ ಎಂಬ ಅರ್ಥಶಾಸ್ತ್ರಜ್ಞೆಯ ಅಧ್ಯಯನ ಹೇಳುತ್ತದೆ. ಒಂದು ಕಡೆ ಉಳಿಸಿದ ದುಡ್ಡು ಇನ್ನೊಂದು ಕಡೆ ಪೊಲೀಸರ ತಲೆಗೇ ಬಂತು. ಆಸ್ಪತ್ರೆಯಲ್ಲಿ ಜಾಗವಿಲ್ಲದ ಮನೋರೋಗಿಯಾಗಲಿ, ಮನೆ ಬಿಟ್ಟು ಓಡಿದ ಮಗುವಾಗಲಿ, ನಡುರಾತ್ರಿ ಫೋನ್ ಎತ್ತುವ ಇಲಾಖೆ ಅದೊಂದೇ ಅಲ್ಲವೇ?

ಇನ್ನೊಂದು ಅಂಕಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2015ರ ಸುಮಾರಿಗೆ ದಾಖಲಾದ ನೂರು ಅಪರಾಧಗಳಲ್ಲಿ ಹದಿನೈದು, ಹದಿನಾರರಲ್ಲಿ ಯಾರ ಮೇಲಾದರೂ ಆರೋಪ ಹೊರಿಸಲಾಗುತ್ತಿತ್ತು. 2022ರ ಹೊತ್ತಿಗೆ ಆರಕ್ಕಿಂತ ಕಡಿಮೆ. ದಾಖಲಿಸುವ ರೀತಿ ಬಿಗಿಯಾಗಿ ಲೆಕ್ಕ ಹಿಗ್ಗಿದ್ದೂ ಇದರಲ್ಲಿ ಸೇರಿದೆ ಅನ್ನಿ, ಆದರೂ ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ಕೊನೆಗೆ ಜನ ದೂರು ಕೊಡುವುದನ್ನೇ ಬಿಡುತ್ತಾರೆ. ನಮ್ಮ ಬೀದಿ ಮೂಲೆಯ ಗುಜರಾತಿ ಅಂಗಡಿಯವರು ಬೆಣ್ಣೆಗೂ ಬೇಬಿ ಪೌಡರಿಗೂ ಕಳ್ಳತನದ ಟ್ಯಾಗ್ ಅಂಟಿಸಿದ್ದಾರೆ. ‘ದೂರು ಬರೆಸುವಷ್ಟು ಹೊತ್ತಿನಲ್ಲಿ ಇನ್ನೆರಡು ಹೋಗುತ್ತೆ ಬೆಹೆನ್’ ಅನ್ನುತ್ತಾರೆ. ಹಾಗೆ ಬಿಟ್ಟವರನ್ನು ಬಿಟ್ಟೂ, 2024ರಲ್ಲಿ ದಾಖಲಾದ ಅಂಗಡಿ ಕಳ್ಳತನಗಳೇ 5 ಲಕ್ಷ ದಾಟಿವೆ.

ಅಪ್ಪಾಜಿ, ಇಷ್ಟೆಲ್ಲ ಬರೆದದ್ದು ಒಂದು ಮಾತಿಗೆ ಬರಲು.

ಇಲ್ಲಿನ ಕಾನೂನಿನಲ್ಲಿ ಪೊಲೀಸರನ್ನು ಕಂಪನಿಯವರ ಹಾಗೆ ‘ಕೆಲಸ ಇಲ್ಲ, ಹೋಗು’ ಎಂದು ಕಳಿಸುವಂತಿಲ್ಲ. ದುಡ್ಡು ಉಳಿಸಬೇಕೆಂದಾಗ ಮುಖ್ಯವಾಗಿ ಇದ್ದದ್ದು ಎರಡು ದಾರಿ. ಒಂದು, ಹೊಸಬರನ್ನು ತೆಗೆದುಕೊಳ್ಳದೇ ಇರುವುದು. ಇನ್ನೊಂದು, ‘ಎ-19’ ಎಂಬ ಪಿಂಚಣಿ ನಿಯಮ. ಮೂವತ್ತು ವರ್ಷ ಸೇವೆ ಮುಗಿಸಿದವರನ್ನು ಇಲಾಖೆಯ ದಕ್ಷತೆಯ ಹೆಸರಿನಲ್ಲಿ ಬಲವಂತವಾಗಿ ನಿವೃತ್ತಿ ಮಾಡಿಸಬಹುದಿತ್ತು. ವೆಸ್ಟ್ ಮಿಡ್‌ಲ್ಯಾಂಡ್ಸ್, ನಾಟಿಂಗ್‌ಹ್ಯಾಮ್‌ಶೈರ್ ಸೇರಿ ಕೆಲವು ಪಡೆಗಳು ಅದನ್ನು ಬಳಸಿದವು. ಮೇಲಿನಿಂದ ಮೂವತ್ತು ವರ್ಷ ಅನುಭವದವರು ಹೋದರು, ಕೆಳಗಿನಿಂದ ಎಳೆಯರು ಬರಲಿಲ್ಲ.

ಅದನ್ನು ಓದಿದಾಗ ನನಗೆ ನೆನಪಾದದ್ದು ನೀವು. ತಿಪಟೂರಿನ ಮಂಡಿಯಲ್ಲಿ ಹರಾಜಿನ ಹಿಂದಿನ ರಾತ್ರಿ ಆರು ಚೀಲ ಕೊಬ್ಬರಿ ಹೋದದ್ದು. ಮೂರನೇ ದಿನ ಬೇರೊಬ್ಬರ ಅಂಗಡಿಯಲ್ಲಿ ಚೀಲ ಸಿಕ್ಕಿತು. ಚೀಲವೆಲ್ಲ ಒಂದೇ ಥರ, ಯಾರದೆಂದು ಹೇಳುವುದು ಹೇಗೆ? ನೀವು ಬಾಯಿಗೆ ಹಾಕಿದ ಹೊಲಿಗೆ ನೋಡಿದಿರಿ. ‘ಇದು ಎಡಗೈಯವನ ಹೊಲಿಗೆ’ ಅಂದಿರಿ. ಮಂಡಿಯಲ್ಲಿ ಎಡಗೈಲಿ ದಬ್ಬಳ ಹಿಡಿಯುವ ಹಮಾಲಿ ಒಬ್ಬನೇ ಎಂದು ನಿಮಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆ ಅವನ ಕೂಲಿ ಹಿಡಿದಿದ್ದರು ಎಂಬುದೂ ಗೊತ್ತಿತ್ತು. ಅವನಿಗೆ ಟೀ ಕುಡಿಸಿ ಕೇಳಿದಿರಿ, ಒಪ್ಪಿಕೊಂಡ. ಆಮೇಲೆ ಮಂಡಿಯವನನ್ನೂ ಕರೆದು ಕೂಲಿಯ ಮಾತಾಡಿದಿರಿ. ಆ ಹೊಲಿಗೆಯ ಜ್ಞಾನಕ್ಕೆ ಯಾವ ಬಜೆಟ್ಟಿನಲ್ಲೂ ಶೀರ್ಷಿಕೆ ಇಲ್ಲ. ಹಾಗಾಗಿ ಅದನ್ನು ಕತ್ತರಿಸಿದ್ದು ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಉಳಿತಾಯದ ಕಾಲಂನಲ್ಲಿ ಒಂದು ಸಂಬಳ ಕಾಣುತ್ತದೆ, ಅಷ್ಟೇ.

ನಿಮ್ಮ ಕಾಲವನ್ನು ನಾನು ದೇವರಮನೆಯಲ್ಲಿ ಇಡುತ್ತಿಲ್ಲ. ಏನೇ ಕಳುವಾದರೂ ಠಾಣೆಯ ಪಟ್ಟಿಯಲ್ಲಿರುವ ಹಳೇ ಎಂ.ಓ. ಆಸಾಮಿಯನ್ನೇ ಮೊದಲು ಎಳೆದು ತರುವ ಚಾಳಿ ನಮ್ಮ ಕಡೆ ಇತ್ತು, ತಪ್ಪು ಮಾಡದವರೂ ಏಟು ತಿಂದಿದ್ದಾರೆ. ಅದನ್ನು ಹೇಳಿ ನೀವೇ ಒಂದೆರಡು ಸಲ ಊಟ ಬಿಟ್ಟಿದ್ದು ನನಗೆ ನೆನಪಿದೆ. ಬೀದಿಯನ್ನು ಬಲ್ಲವನು ಬೀದಿಗೆ ಅನ್ಯಾಯವನ್ನೂ ಮಾಡಬಲ್ಲ. ಆದರೆ ಬೀದಿಯನ್ನೇ ಅರಿಯದವನು ನ್ಯಾಯ ಮಾಡುವುದಾದರೂ ಹೇಗೆ?

ಸರ್ಕಾರಕ್ಕೆ ತಪ್ಪು ಗೊತ್ತಾಗಲಿಲ್ಲ ಎನ್ನುವಂತಿಲ್ಲ. 2019ರಲ್ಲಿ ತೆರೇಸಾ ಮೇ ಪಕ್ಷದವರೇ ಆದ ಪ್ರಧಾನಿ ಬೋರಿಸ್ ಜಾನ್ಸನ್ 20 ಸಾವಿರ ಪೊಲೀಸರನ್ನು ಮತ್ತೆ ತೆಗೆದುಕೊಳ್ಳುತ್ತೇವೆ ಅಂದರು. 2023ರ ಮಾರ್ಚಿಗೆ ತೆಗೆದುಕೊಂಡರು ಸಹ. ತಲೆ ಎಣಿಸಿದರೆ 2010ಕ್ಕಿಂತ ಹೆಚ್ಚೇ, 1 ಲಕ್ಷ 49 ಸಾವಿರದ ಮೇಲೆ. 2022ರ ಅಕ್ಟೋಬರಿನಲ್ಲಿ, ಮನೆ ಕಳವಾದರೆ ಪ್ರತಿಯೊಂದು ಮನೆಗೂ ಹೋಗುತ್ತೇವೆ ಎಂದು ಪೊಲೀಸ್ ಮುಖ್ಯಸ್ಥರೂ ಮಾತು ಕೊಟ್ಟರು. ಆದರೆ ಹಾಗೆ ತುಂಬಿದ ಪಡೆಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಐದು ವರ್ಷದ ಸೇವೆಯೂ ಆಗಿರಲಿಲ್ಲ. ಕಲಿಸಬೇಕಾದವರನ್ನು ಹತ್ತು ವರ್ಷದ ಹಿಂದೆಯೇ ಮನೆಗೆ ಕಳಿಸಿ ಆಗಿತ್ತು. ಪಾಠ ಇನ್ನೂ ಮುಗಿದಿಲ್ಲ. ಈ ವರ್ಷ ಲಂಡನ್ನಿನ ಪೊಲೀಸರು 26 ಕೋಟಿ ಪೌಂಡಿನ ಕೊರತೆ ಇದೆಯೆಂದು ಮತ್ತೆ 1,700 ಹುದ್ದೆ ಕಡಿಮೆ ಮಾಡುವುದಾಗಿ ಹೇಳಿದ್ದಾರೆ.

ನಮ್ಮ ಪೇಟೆಯ ಹಳೇ ಠಾಣೆ ಈಗ ಅಪಾರ್ಟ್‌ಮೆಂಟು. ಬಾಗಿಲ ಮೇಲಿದ್ದ ನೀಲಿ ದೀಪವನ್ನು ಅಂದಕ್ಕೆಂದು ಹಾಗೇ ಉಳಿಸಿಕೊಂಡಿದ್ದಾರೆ. ಪಕ್ಕದ ಮನೆಯ ಅಜ್ಜಿಗೆ ತೊಂಬತ್ತು. ಮೊದಲಿದ್ದ ಪೊಲೀಸಿನವನ ಮಕ್ಕಳ ಹೆಸರೂ ಆಕೆಗೆ ಬರುತ್ತದೆ. ಈಗಿನವರದ್ದು ಕೇಳಿದರೆ ಫ್ರಿಜ್ಜಿನ ಮೇಲೆ ಅಂಟಿಸಿದ ಫೋನ್ ನಂಬರ್ ತೋರಿಸುತ್ತಾಳೆ.

ಈಗ ನಿಮ್ಮ ವಿಷಯ. ಹೋದ ವಾರ ನೀವು ಫೋನಿನಲ್ಲಿ ನಗಾಡಿದಿರಿ. ‘ಮನೆ ಮನೆಗೆ ಪೊಲೀಸ್ ಅಂತೆ! ಹೊಸ ನೀಲಿ ಟೋಪಿ ಹಾಕಿಕೊಂಡು ಒಬ್ಬ ಹುಡುಗ ಬಂದಿದ್ದ. ಮನೇಲಿ ಎಷ್ಟು ಜನ, ಫೋನ್ ನಂಬರ್ ಏನು ಅಂತ ಬರಕೊಂಡು ಹೋದ. ನಾವೇನು ಮಾಡ್ತಿದ್ವಿ ಹಾಗಾದ್ರೆ, ದನ ಕಾಯ್ತಿದ್ವಾ?’ ಅಂದಿರಿ. ಗೇಟಿನಲ್ಲೇ ನಿಲ್ಲಿಸಿ ಕಳಿಸಿದೆ ಅಂತಲೂ ಹೇಳಿದಿರಿ. ಮೊಳೆಗೆ ತೂಗುಹಾಕಿದ ನಿಮ್ಮ ಸ್ಲೌಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂದದ್ದಕ್ಕೆ ನಿಮಗೆ ಹೊಟ್ಟೆಯಲ್ಲಿ ಸಂಕಟವಿದೆ, ಅದು ನನಗೆ ಅರ್ಥವಾಗುತ್ತದೆ.

ಆದರೆ ಅಪ್ಪಾಜಿ, ನಾನು ಮೂರು ದಿನ ಪಾತ್ರೆ ಬೋರಲು ಹಾಕಿಕೊಂಡು ಕಾದದ್ದು ಅಂಥ ಒಬ್ಬ ಹುಡುಗನಿಗಾಗಿ. ಅವನು ಬಂದು ಗೇಟಿನಲ್ಲಿ ನಿಂತಿದ್ದರೆ ಸಾಕಿತ್ತು, ಸರ ಸಿಗದಿದ್ದರೂ ಪರವಾಗಿರಲಿಲ್ಲ.

ಅಮ್ಮನ ಸರಕ್ಕೆ ನನ್ನನ್ನು ಕ್ಷಮಿಸಿ. ಮದುವೆಗೆ ಬರಿಗೊರಳಲ್ಲಿ ಬರುತ್ತೇನೆ, ಕೇಳಿದವರಿಗೆ ನಿಜ ಹೇಳುತ್ತೇನೆ. ನನ್ನದೊಂದು ಕೋರಿಕೆ ಇದೆ. ಆ ಹುಡುಗ ಇನ್ನೊಮ್ಮೆ ಬಂದೇ ಬರುತ್ತಾನೆ. ಅವನನ್ನು ಒಳಗೆ ಕರೆದು ಕೂರಿಸಿ, ಕಾಫಿ ಕೊಡಿ. ಟ್ರಂಕಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೀರಲ್ಲ ನಿಮ್ಮ ಬೀಟ್ ಪುಸ್ತಕಗಳು, ಅವನ್ನು ತೆಗೆಯಿರಿ. ಎಡಗೈ ಹೊಲಿಗೆಯ ಕಥೆ ಹೇಳಿ. ಹಳೇ ಆಸಾಮಿಗೆ ಅನ್ಯಾಯವಾದ ಕಥೆಯನ್ನೂ ಮುಚ್ಚಿಡದೆ ಹೇಳಿ. ಸರ್ಕಾರ ಅವನಿಗೆ ಟೋಪಿ ಕೊಟ್ಟಿದೆ, ಸಂಬಳ ಕೊಡುತ್ತಿದೆ. ಊರನ್ನು ಪರಿಚಯ ಮಾಡಿಸುವವರು ನೀವೇ.

ಇಂತಿ ನಿಮ್ಮ ಪ್ರೀತಿಯ ಮಗಳು